ಮುಖ ಬರುವ ಸ್ಟುಡಿಯೊ

ಅಪ್ಪನ ಸ್ಟುಡಿಯೊದಲ್ಲಿ ಗಿರಾಕಿಗಳಿಗೆಂದು ಒಂದು ಕನ್ನಡಿ ಇತ್ತು, ದಾರ ಕಟ್ಟಿ ತೂಗುಬಿಟ್ಟ ಬಾಚಣಿಗೆ ಇತ್ತು, ಯಾರ ಮೈಗೂ ಸರಿಹೋಗದ ಒಂದು ಕಪ್ಪು ಕೋಟು ಇತ್ತು. ಇವೆಲ್ಲಕ್ಕಿಂತ ಹೆಚ್ಚು ದುಡಿಯುತ್ತಿದ್ದದ್ದು ಪೌಡರ್ ಡಬ್ಬಿ. ವಿಜಯನಗರದಲ್ಲಿ ಪಾಸ್‌ಪೋರ್ಟ್ ಸೈಜ್ ಫೋಟೋಗೆ ಬಂದವರು ಬ್ಯಾಂಕ್ ಮ್ಯಾನೇಜರ್ ಇರಲಿ, ಹೂವಿನಂಗಡಿಯವರಿರಲಿ, ಸ್ಟೂಲಿನ ಮೇಲೆ ಕೂರುವ ಮುಂಚೆ ಮುಖಕ್ಕೆ ಪೌಡರ್ ಮೆತ್ತಿಕೊಳ್ಳುತ್ತಿದ್ದರು. ಫೋಟೋ ಕೈಗೆ ಬಂದ ಮೇಲೆ ಕೇಳುತ್ತಿದ್ದ ಪ್ರಶ್ನೆಯೂ ಒಂದೇ: "ಸ್ವಲ್ಪ ಕಪ್ಪು ಬಂದಿದೆ ಅಲ್ವಾ ಸಾರ್?" ಅಪ್ಪ ಗದಗಿನ ಕಡೆಯವರು, ಜಗಳಕ್ಕೆ ಹೋಗುವವರಲ್ಲ. "ಹೋಗ್ಲಿ ಬಿಡ್ರಿ, ಇನ್ನೊಂದು ಪ್ರಿಂಟ್ ಹಾಕಿಕೊಡ್ತೀನಿ" ಎಂದು ಇನ್ನಷ್ಟು ಬೆಳ್ಳಗೆ ಮಾಡಿ ಕೊಡುತ್ತಿದ್ದರು. ನಮ್ಮ ಮನೆ ನಡೆದದ್ದು ಆ ಬಿಳುಪಿನಿಂದಲೇ. ಅದನ್ನು ನಾನು ಮುಚ್ಚಿಡುವುದಿಲ್ಲ.

ಈಗ ನಾನು ಅದೇ ಸ್ಟುಡಿಯೊ ನಡೆಸುತ್ತೇನೆ, ಚಂದ್ರಾ ಲೇಔಟಿಗೆ ಸ್ಥಳಾಂತರಿಸಿಕೊಂಡು. ಹೊಟ್ಟೆಪಾಡಿಗೆ ಮದುವೆ, ನಾಮಕರಣ, ಗೃಹಪ್ರವೇಶ. ಮಿಕ್ಕ ಸಮಯವನ್ನೆಲ್ಲ ಹಾಕಿರುವುದು ಒಂದೇ ಕೆಲಸಕ್ಕೆ: ಆಫ್ರಿಕಾದಿಂದ ಬಂದು ನಮ್ಮ ನಡುವೆ ಇರುವವರ, ಬಂದು ತಲೆತಲಾಂತರವಾದರೂ "ನೀವು ಯಾವ ದೇಶ?" ಎಂದು ಕೇಳಿಸಿಕೊಳ್ಳುವವರ ಫೋಟೋ ತೆಗೆಯುವುದು. ಹೇಗೆ ಶುರುವಾಯಿತು ಎಂದು ಕೇಳುವವರು ಏನೋ ದೊಡ್ಡ ಕಥೆ ಇರುತ್ತದೆ ಎಂದುಕೊಂಡಿರುತ್ತಾರೆ. ಶುರುವಾದದ್ದು ಅಪ್ಪ ಆ ಪೌಡರ್ ಡಬ್ಬಿಯನ್ನು ಅಟ್ಟಕ್ಕೆ ಎಸೆದ ದಿನ.

ಆ ದಿನ ಕೆಂಗೇರಿ ಕಡೆಯ ಕಾಲೇಜೊಂದರಲ್ಲಿ ಓದುತ್ತಿದ್ದ ಆಫ್ರಿಕಾದ ವಿದ್ಯಾರ್ಥಿಯೊಬ್ಬ ಬಂದ. ಬೇರೆಲ್ಲೋ ತೆಗೆಸಿದ್ದ ಫೋಟೋಗಳನ್ನು ಕೌಂಟರಿನ ಮೇಲೆ ಹರಡಿದ. ಎಲ್ಲದರಲ್ಲೂ ಬಿಳಿ ಗೋಡೆಯ ಮುಂದೆ ಒಂದು ಕಪ್ಪು ಆಕಾರ, ಅದರೊಳಗೆ ಎರಡು ಕಣ್ಣು. ಮೂಗೆಲ್ಲಿ, ಗಲ್ಲವೆಲ್ಲಿ, ದೇವರೇ ಬಲ್ಲ. ಇದು ನಡೆಯುವುದಿಲ್ಲ ಎಂದು ಕಚೇರಿಯವರು ವಾಪಸ್ ಕಳಿಸಿದ್ದರಂತೆ. ಅಪ್ಪ ಅವನನ್ನು ಸ್ಟೂಲಿನ ಮೇಲೆ ಕೂರಿಸಿ ಕ್ಲಿಕ್ ಮಾಡಿದರು. ನೋಡಿದರೆ ನಮ್ಮದೂ ಅದೇ ಗತಿ. ಕಸುಬಿನ ಮನುಷ್ಯನಿಗೆ ಅದಕ್ಕಿಂತ ಅವಮಾನ ಇನ್ನೇನಿದೆ. ಅಪ್ಪ ಅಂಗಡಿಯ ಶಟರ್ ಅರ್ಧ ಎಳೆದರು. ಎದುರಿಗಿದ್ದ ಲೈಟನ್ನು ಪಕ್ಕಕ್ಕೆ ತಂದರು, ಕಿಟಕಿ ತೆಗೆದರು, ಬಿಳಿ ಪರದೆ ಕಿತ್ತು ನಮ್ಮ ಮನೆಯ ಬೂದು ಬಣ್ಣದ ಬೆಡ್‌ಶೀಟ್ ತೂಗಿಸಿದರು. ಹುಡುಗ ಪಾಪ ಕಷ್ಟಪಟ್ಟು ಹಚ್ಚಿಕೊಂಡಿದ್ದ ಪೌಡರನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರು. ಡಬ್ಬಿ ಅಟ್ಟಕ್ಕೆ ಹೋದದ್ದು ಆಗಲೇ. ಮಧ್ಯಾಹ್ನವೆಲ್ಲ ಅದೇ ನಡೆಯಿತು. ಹುಡುಗ ನಮ್ಮಮ್ಮ ಮನೆಯಿಂದ ಕಳಿಸಿದ ಮಿರ್ಚಿ ಭಜಿ ತಿನ್ನುತ್ತ, ಕಣ್ಣೀರು ಸುರಿಸುತ್ತ, ಅಲ್ಲಾಡದೆ ಕೂತಿದ್ದ.

ಸಂಜೆಗೆ ಅವನ ಮುಖ ಬಂತು. ಹಣೆಯ ಏರು, ಕೆನ್ನೆಯ ಮೂಳೆ, ತುಟಿಯ ಮೂಲೆಯಲ್ಲಿ ಇನ್ನೂ ಹೋಗದಿದ್ದ ಮೆಣಸಿನಕಾಯಿಯ ಉರಿ, ಎಲ್ಲವೂ ಇತ್ತು. ಅವನು ಫೋಟೋ ಹಿಡಿದುಕೊಂಡು ಬಾಗಿಲ ಬೆಳಕಿಗೆ ಹೋಗಿ ನಿಂತು ಬಹಳ ಹೊತ್ತು ನೋಡಿದ. ಮುಂದಿನ ಭಾನುವಾರ ಅರ್ಧ ಹಾಸ್ಟೆಲನ್ನೇ ಕಟ್ಟಿಕೊಂಡು ಬಂದ. ಅವರವರಲ್ಲೇ ನಮ್ಮದಕ್ಕೆ 'ಮುಖ ಬರುವ ಸ್ಟುಡಿಯೊ' ಎಂದು ಹೆಸರಾಯಿತು. ಬೋರ್ಡಿನ ಮೇಲಿದ್ದ ಬಸವಣ್ಣನ ಹೆಸರಿಗಿಂತ ಆ ಹೆಸರೇ ಹೆಚ್ಚು ಗಿರಾಕಿಗಳನ್ನು ತಂದಿತು. "ಬೆಳಕನ್ನ ಮುಖಕ್ಕ ಹೊಡೀಬಾರ್ದು ನೋಡವಾ, ಪಕ್ಕದಾಗಿಂದ ಕರೀಬೇಕು" ಎಂದರು ಅಪ್ಪ ಆ ರಾತ್ರಿ ಊಟಕ್ಕೆ ಕೂತಾಗ. ನನ್ನ ಇಡೀ ವಿದ್ಯೆ ಅಷ್ಟೇ. ಅದರ ಮೇಲೆ ಕಲಿತದ್ದೆಲ್ಲ ಬರೀ ಸಾಮಾನು ಕೊಳ್ಳುವ ಚಟ.

ಆಗ ನಾನು ಕಾಲೇಜು ಮುಗಿಸಿ ಮನೆಯಲ್ಲಿ ಗಂಡು ನೋಡುವವರ ಕಾಟಕ್ಕೆ ಸಿಕ್ಕಿದ್ದೆ. ತಪ್ಪಿಸಿಕೊಳ್ಳಲು ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಆ ವಿದ್ಯಾರ್ಥಿಗಳ ಬಾಡಿಗೆ ಕೋಣೆಗಳಿಗೆ ಹೋಗತೊಡಗಿದೆ. ಅವರು ಒಬ್ಬರಿಗೊಬ್ಬರು ಕ್ಷೌರ ಮಾಡಿಕೊಳ್ಳುವುದು, ಭಾನುವಾರದ ಪ್ರಾರ್ಥನೆಗೆ ಇಸ್ತ್ರಿ ಹಾಕಿಕೊಳ್ಳುವುದು, ಮನೆಗೆ ವಿಡಿಯೊ ಕಾಲ್ ಮಾಡುವಾಗ ಹಿಂದಿನ ಪಾತ್ರೆ ರಾಶಿ ಕಾಣದಂತೆ ಗೋಡೆಗೆ ಒರಗುವುದು, ಇವೇ ನನ್ನ ಮೊದಲ ಚಿತ್ರಗಳು. ಬಾಂಬೆ ರವೆಯನ್ನು ಕುದಿಸಿ, ತಿರುವಿ, ಉಂಡೆ ಕಟ್ಟಿ, ಸಾರಿನಲ್ಲಿ ಅದ್ದಿ ನುಂಗುತ್ತಿದ್ದರು. ಒಮ್ಮೆ ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆ. ರೊಟ್ಟಿ ಬಿಟ್ಟರೆ ಊಟವೇ ಅಲ್ಲ ಎನ್ನುವವಳು ಆ ಉಂಡೆಯನ್ನು ನೋಡಿ, "ಅಯ್ಯ, ಇದು ಬೆಂಗಳೂರಿನವರ ಮುದ್ದಿ ಅಲ್ಲೇನು? ಇದಕ್ಕ ಅಲ್ಲಿಂದ ಇಲ್ಲಿಗೆ ಬರಬೇಕಿತ್ತ?" ಎಂದಳು. ಅವರಿಗೆ ಅರ್ಥ ಹೇಳಿದೆ. ಅಮ್ಮನ ತಟ್ಟೆಗೆ ಇನ್ನೊಂದು ಉಂಡೆ ಬಿತ್ತು.

ಹೀಗಿರುವಾಗ ಸ್ಟುಡಿಯೊಗೆ ಹೊಸ ಗಿರಾಕಿಯೊಬ್ಬಳು ಬಂದಳು. ಎತ್ತರದ ಹುಡುಗಿ, ಗುಂಗುರು ಕೂದಲನ್ನು ಬಿಗಿಯಾಗಿ ಹಿಂದಕ್ಕೆ ಕಟ್ಟಿದ್ದಳು, ಕಾಲಲ್ಲಿ ಓಟದ ಶೂ. ಅಪ್ಪ ಅಷ್ಟೊತ್ತಿಗೆ ಆಫ್ರಿಕಾದ ಗಿರಾಕಿಗಳಿಗೆಂದೇ ಒಂದಷ್ಟು ಇಂಗ್ಲಿಷ್ ಕಲಿತುಕೊಂಡಿದ್ದರು. "ಪ್ಲೀಸ್ ಸಿಟ್. ಲಿಟ್ಲ್ ರೈಟ್. ಚಿನ್ ಡೌನ್" ಎಂದು ಶುರು ಹಚ್ಚಿಕೊಂಡರು. ಹುಡುಗಿ ಎಲ್ಲವನ್ನೂ ಹೇಳಿದಂತೆ ಮಾಡಿ, ಕೊನೆಗೆ ತಡೆಯಲಾರದೆ, "ಅಂಕಲ್, ಕನ್ನಡದಾಗ ಹೇಳ್ರಿ. ನಾ ಯಲ್ಲಾಪುರದಾಕಿ, ಸಿದ್ದಿ ಅದೀನಿ" ಎಂದಳು. ಅಪ್ಪನ ಮುಖ ನೋಡಬೇಕಿತ್ತು. ಬೆಂಗಳೂರಿಗೆ ಬಂದ ಮೇಲೆ ಗಿರಾಕಿಯ ಬಾಯಲ್ಲಿ ತಮ್ಮ ಕಡೆಯ ಮಾತು ಕೇಳಿದ್ದೇ ಅಪರೂಪ, ಕೇಳಿದ್ದು ಇಲ್ಲಿ. "ಏ, ನಮ್ಮ ಕಡೆದಾಕಿ ನೀನು. ಮೊದಲು ರೊಟ್ಟಿ ತಿನ್ನು, ಆಮ್ಯಾಲ ಫೋಟೋ" ಎಂದು ಮನೆಗೇ ಕರೆದುಕೊಂಡು ಹೋದರು. ಅಂದಿನಿಂದ ಅವಳು ನಮ್ಮ ಮನೆಯವಳಾದಳು. ಕೆಂಗೇರಿಯಲ್ಲಿ ದೈಹಿಕ ಶಿಕ್ಷಣದ ಕೋರ್ಸ್ ಓದಿದಳು, ಅಲ್ಲೇ ಶಾಲೆಯೊಂದರಲ್ಲಿ ಪಿ.ಟಿ. ಟೀಚರ್ ಆದಳು. ನನ್ನನ್ನು 'ಅಕ್ಕಾ' ಎಂದು ಕರೆದು ಅಷ್ಟೇ ಸಲೀಸಾಗಿ ಬೈಯುತ್ತಾಳೆ.

ಅವಳ ಜೊತೆ ಮೊದಲ ಸಲ ಯಲ್ಲಾಪುರದಾಚೆಯ ಅವಳ ಕೇರಿಗೆ ಹೋದ ಮೇಲೆ ನನ್ನ ಕೆಲಸಕ್ಕೊಂದು ದಾರಿ ಸಿಕ್ಕಿತು. ಹಳಿಯಾಳ, ಮುಂಡಗೋಡ, ಅಂಕೋಲಾ ಎಂದು, ತಲೆತಲಾಂತರದ ಹಿಂದೆ ಆಫ್ರಿಕಾದಿಂದ ಬಂದು ನೆಲೆಸಿದ ಸಿದ್ದಿಗಳ ಕೇರಿಗಳನ್ನೆಲ್ಲ ಸುತ್ತಿದೆ. ಅಲ್ಲಿಯ ಸಿದ್ದಿಗಳನ್ನು ಹುಡುಕಿಕೊಂಡು ಗುಜರಾತಿಗೆ ಹೋದೆ, ಹೈದರಾಬಾದಿಗೆ ಹೋದೆ. ಒಬ್ಬರದು ಗುಜರಾತಿ, ಒಬ್ಬರದು ಉರ್ದು, ನಮ್ಮವರದು ಕೊಂಕಣಿ ಬೆರೆತ ಮನೆಮಾತು ಮತ್ತು ಖಡಕ್ ಕನ್ನಡ. ನಮ್ಮ ಸಂಬಂಧಿಕರು ಮಾತ್ರ "ಕಾಡುಮೇಡು ಅಲೆಯೋದು ಬಿಟ್ಟು ಇನ್ನೊಂದೆರಡು ಮದುವೆ ಆರ್ಡರ್ ಹಿಡಿಬಾರ್ದೇನೇ" ಎನ್ನುವುದನ್ನು ಬಿಡಲಿಲ್ಲ. ಊರಿಗೊಂದು ದಾರಿಯಾದರೆ ಪೋರಿಗೊಂದು ದಾರಿ ಎಂದು ಅಮ್ಮನೇ ಅವರ ಬಾಯಿ ಮುಚ್ಚಿಸುತ್ತಿದ್ದಳು. ನನಗಂತೂ ಬಹಳ ಖುಷಿಯ ವರ್ಷಗಳು ಅವು. ಬೆಳಿಗ್ಗೆ ಚಹಾ ಕುಡಿಯುತ್ತ ಕೂತಿದ್ದವರು ಮಾತಿನ ಮಧ್ಯೆ ದಮಾಮಿ ಎಂಬ ಅವರ ಚರ್ಮವಾದ್ಯ ಎಳೆದುಕೊಂಡು ಬಾರಿಸಲು ಶುರು ಮಾಡಿದರೆ ಮುಗಿಯಿತು, ಕ್ಯಾಮೆರಾ ಹಿಡಿದವಳೂ ಕುಣಿಯಲೇಬೇಕು. ನನ್ನ ಎಷ್ಟೋ ಫೋಟೋಗಳು ಅಲ್ಲಾಡಿರುವುದು ಅದಕ್ಕೇ.

ಎಲ್ಲರ ಫೋಟೋ ತೆಗೆದೆ, ಒಬ್ಬರದು ಬಿಟ್ಟು. ಆ ಹುಡುಗಿಯ ಅಜ್ಜಿ. ಅಜ್ಜಿ ನನಗೆ ಉಣ್ಣಲಿಕ್ಕಿ, ಎಣ್ಣೆ ಹಚ್ಚಿ ತಲೆ ಬಾಚಿ, ಗಂಡನಿಲ್ಲದೆ ಹೇಗೆ ಸುಖವಾಗಿರಬಹುದು ಎಂದು ಬುದ್ಧಿ ಹೇಳಿ, ಕ್ಯಾಮೆರಾ ಎತ್ತಿದ ಕೂಡಲೇ ಸೆರಗಿನಿಂದ ಮುಖ ಮುಚ್ಚಿಕೊಂಡುಬಿಡುತ್ತಿದ್ದರು. "ಏ ಫೋಟೋದಾಕಿ, ಅದನ್ನ ಒಳಗಿಡು. ನನ್ನ ಮಾರಿ ಯಾವ ಫೋಟೋದಾಗೂ ಬರೂದಿಲ್ಲ." ನಮ್ಮ ಕಡೆ ಮುಖಕ್ಕೆ ಮಾರಿ ಅನ್ನುತ್ತಾರೆ. ಅವರ ಮಾತೇನೂ ಸುಳ್ಳಲ್ಲ. ರೇಷನ್ ಕಾರ್ಡಿನಲ್ಲಿ, ಆಧಾರಿನಲ್ಲಿ ಇದ್ದದ್ದು ಮಸಿಯ ಮುದ್ದೆ. ಒಮ್ಮೆ ಪೇಟೆಗೆ ಹೋಗಿ ಆಸೆಪಟ್ಟು ದೊಡ್ಡ ಫೋಟೋ ತೆಗೆಸಿದ್ದರಂತೆ. ಅಲ್ಲಿಯವನು ಸುಣ್ಣ ಬಳಿದಂತೆ ಬಿಳಿ ಮಾಡಿ ಕೊಟ್ಟಿದ್ದ. ಕೇರಿಯವರೆಲ್ಲ ಬಿದ್ದು ಬಿದ್ದು ನಕ್ಕರು. ಅಜ್ಜಿ ಆ ಫೋಟೋವನ್ನು ಒಲೆಗೆ ಹಾಕಿ ಅದರ ಮೇಲೆ ಅನ್ನ ಬೇಯಿಸಿದರು.

ಅಜ್ಜಿಯ ಹತ್ತಿರ ಅವರ ತಾಯಿ ಹೊಲಿದ ಒಂದು ಕೌದಿ ಇತ್ತು. ಹಳೇ ಸೀರೆ, ಅಂಗಿಗಳ ತುಂಡುಗಳನ್ನು ಸೇರಿಸಿ ಹೊಲಿದ ಹೊದಿಕೆ. ನಮ್ಮ ಗದಗಿನ ಮನೆಗಳಲ್ಲೂ ಕೌದಿ ಇದೆ, ಆದರೆ ಸಿದ್ದಿ ಹೆಂಗಸರು ಕೌದಿಯ ಮೂಲೆಗಳಿಗೆ ಮಡಿಚಿದ ತ್ರಿಕೋನದ ಹೂವು ಇಡುತ್ತಾರೆ. ಹೂವಿಲ್ಲದ ಕೌದಿ ಬತ್ತಲೆ ಎಂದು ಅವರ ಲೆಕ್ಕ. ಒಂದು ಮಧ್ಯಾಹ್ನ ಅಂಗಳದಲ್ಲಿ ಅದನ್ನು ಬಿಸಿಲಿಗೆ ಹಾಕುವಾಗ ಅಜ್ಜಿ ಹೊಲಿಗೆಯ ಮೇಲೆ ಬೆರಳಾಡಿಸುತ್ತ ಹೇಳಿದರು: "ಇದರಾಗ ನಮ್ಮವ್ವನ ಕೈ ಐತಿ. ಮಾರಿ ಇಲ್ಲ. ಆಕಿದೊಂದು ಫೋಟೋನೂ ಇಲ್ಲ. ಮೊದಲ ಕಣ್ಣ ಮುಚ್ಚಿದ್ರ ಬರ್ತಿದ್ಳು, ಈಗ ಬರೂದಿಲ್ಲ." ಆಮೇಲೆ ಏನೂ ಆಗದವರಂತೆ ಕೋಳಿ ಓಡಿಸಲು ಹೋದರು. ನಾನು ಕೌದಿಯ ಮಿಕ್ಕ ಮಡಿಕೆ ಬಿಡಿಸಿ ಬಿಸಿಲಿಗೆ ಹರಡಿದೆ.

ಕಳೆದ ವರ್ಷ ನಮ್ಮ ಪಿ.ಟಿ. ಟೀಚರ್ ಮದುವೆ ನಿಕ್ಕಿಯಾಯಿತು. ಗಂಡು ಅವಳ ಕಡೆಯವನೇ, ಇಲ್ಲೇ ರೈಲ್ವೆಯಲ್ಲಿ ಕೆಲಸ. ಇಬ್ಬರ ಗೆಳೆಯರೂ ಬೆಂಗಳೂರಿನಲ್ಲೇ ಇದ್ದದ್ದರಿಂದ ಮದುವೆ ಕೆಂಗೇರಿಯ ಸಮುದಾಯ ಭವನದಲ್ಲಿ. ಊರಿನಿಂದ ಎಲ್ಲರೂ ಟೆಂಪೊ ಟ್ರಾವೆಲರ್‌ನಲ್ಲಿ ಬಂದು, ಮಾರನೆಯ ದಿನ ಊಟ ಮುಗಿಸಿ ಅದರಲ್ಲೇ ವಾಪಸ್ ಹೋಗುವುದೆಂದು ಏರ್ಪಾಟು. ಹುಡುಗಿ ನನ್ನ ಹತ್ತಿರ ಬಂದು ಕೂತಳು. "ಅಕ್ಕಾ, ನಂಗ ಆಲ್ಬಮ್ ಗೀಲ್ಬಮ್ ಹೆಂಗಾದ್ರೂ ಇರಲಿ. ಅಜ್ಜಿದೊಂದು ಫೋಟೋ ಬೇಕು. ನನ್ನ ಹೊಸ ಮನಿಯಾಗ ಮೊದಲ ಮೊಳಿ ಹೊಡ್ಯೂದು ಅದಕ್ಕ." ನಾನು ಅಜ್ಜಿಗೆ ಫೋನ್ ಮಾಡಿದೆ. ಅವರು ಹೇಳಿದರು: "ಒಂದ ಸಲ ಕುಂದರ್ತೀನಿ. ನಾ ಊರಿಗೆ ಹೊರಡೂದರಾಗ ಫೋಟೋ ನನ್ನ ಕೈಯಾಗ ಇರಬೇಕು. ಮಾರಿ ಬರಲಿಲ್ಲಂದ್ರ ಇನ್ನೊಮ್ಮೆ ಕೇಳಬ್ಯಾಡ." ಷರತ್ತು ಸರಳವಾಗಿತ್ತು. ನನಗೆ ಮಾತ್ರ ಅಂದಿನಿಂದ ನಿದ್ದೆ ಸರಿಯಾಗಿ ಬರಲಿಲ್ಲ.

ಮದುವೆಯ ಗಲಾಟೆಯನ್ನು ಏನೆಂದು ಹೇಳಲಿ. ಊರಿನ ಸಿದ್ದಿಗಳು ಒಂದು ಕಡೆ, ಮದುಮಗಳ ಜೊತೆ ಓಟದ ಅಭ್ಯಾಸ ಮಾಡುತ್ತಿದ್ದ ಆಫ್ರಿಕಾದ ಹುಡುಗಿಯರು ಒಂದು ಕಡೆ, ಶಾಲೆಯ ಟೀಚರುಗಳು, ಮಕ್ಕಳು, ನಮ್ಮ ಮನೆಯವರು. ಬಡಿಸುವ ಭಟ್ಟರಿಗೆ ಯಾರ ಹತ್ತಿರ ಯಾವ ಭಾಷೆ ಆಡಬೇಕೆಂದು ತಿಳಿಯದೆ ತಲೆ ಕೆಟ್ಟುಹೋಗಿತ್ತು. ಅಜ್ಜಿಯ ಹತ್ತಿರ ಬಂದು "ಮೇಡಂ, ರೈಸ್?" ಅಂದರು. ಅಜ್ಜಿ, "ಅನ್ನ ಸಾಕು, ಹೋಳಿಗಿ ತಾ" ಅಂದರು. ಪಕ್ಕದಲ್ಲಿದ್ದ ಆಫ್ರಿಕಾದ ಹುಡುಗಿ ಕೂಡ "ನಂಗೂ ಹೋಳಿಗೆ ಅಣ್ಣ, ತುಪ್ಪ ಜಾಸ್ತಿ" ಅಂದಾಗ ಭಟ್ಟರು ಸೌಟು ಇಟ್ಟು ನಗುತ್ತ ನಿಂತರು. ಊಟದ ಮೇಲೆ ದಮಾಮಿ ಬಂತು. ಅಕ್ಕಪಕ್ಕದ ಮನೆಯವರೆಲ್ಲ ಗೇಟಿನ ಹತ್ತಿರ ಸೇರಿ, ಆಮೇಲೆ ಒಳಗೇ ಬಂದು, ಆಮೇಲೆ ಕುಣಿದರು.

ಅಜ್ಜಿಯನ್ನು ಫೋಟೋಗೆ ಕೂರಿಸಿದ್ದು ಅದಕ್ಕೂ ಮುಂಚೆ, ಬೆಳಿಗ್ಗೆಯೇ, ಮುಹೂರ್ತ ಮುಗಿದ ಕೂಡಲೇ. ಅಡುಗೆಮನೆಯ ಪಕ್ಕದಲ್ಲಿ ದಿನಸಿ ಇಡುವ ಕೋಣೆಗೆ ಒಂದು ಒಳ್ಳೆಯ ಕಿಟಕಿ ಇತ್ತು. ಮೇಕಪ್ಪಿನವಳು ಅಷ್ಟರಲ್ಲಿ ಅಜ್ಜಿಯ ಮುಖಕ್ಕೂ ಒಂದು ಕೈ ಪೌಡರ್ ಆಡಿಸಿದ್ದಳು. ಅದನ್ನು ಒರೆಸಿದೆ. ಅಜ್ಜಿ ತಾವೇ ಅಡುಗೆಯವರಿಂದ ನಾಲ್ಕು ಹನಿ ಕೊಬ್ಬರಿ ಎಣ್ಣೆ ಇಸಿದುಕೊಂಡು ದಿನವೂ ಹಚ್ಚುವಂತೆ ಮುಖಕ್ಕೆ ಹಚ್ಚಿಕೊಂಡರು. ಹೆಗಲ ಮೇಲೆ ತಾಯಿಯ ಕೌದಿ ಹೊದ್ದರು. ಅದನ್ನು ಊರಿನಿಂದ ಹೊತ್ತು ತಂದಿದ್ದರು, ನಾನು ಹೇಳಿರಲಿಲ್ಲ. ಲೈಟು ಹಾಕಲಿಲ್ಲ, ಫ್ಲ್ಯಾಶ್ ಹಾಕಲಿಲ್ಲ. ಬೆಳಕನ್ನು ಪಕ್ಕದಿಂದ ಕರೆದೆ. ಅದು ಬಂತು. ಅಕ್ಕಿ ಮೂಟೆಗಳ ಮುಂದೆ ಕೂತ ಅಜ್ಜಿಯ ಮುಖದಲ್ಲಿ ಎಣ್ಣೆಯ ಹೊಳಪು ಹಣೆಯಿಂದ ಕೆನ್ನೆಗೆ ಇಳಿಯುವುದು ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಕಂಡಾಗ ನನಗೆ ಕೂಗಿಕೊಳ್ಳುವಷ್ಟು ಸಂತೋಷವಾಯಿತು. ಅಜ್ಜಿಗೆ ತೋರಿಸಲು ಹೋದೆ. "ಅಷ್ಟ ಸಣ್ಣದರಾಗ ನಂಗ ಕಾಣೂದಿಲ್ಲ. ಕಾಗದದ ಮ್ಯಾಲ ತೋರ್ಸು" ಎಂದರು.

ನನಗೆ ರಾಜಾಜಿನಗರದಲ್ಲಿ ಒಂದು ಲ್ಯಾಬ್ ಖಾಯಂ. ಅಲ್ಲಿ ಫೋಟೋ ಸರಿಪಡಿಸಿ ಪ್ರಿಂಟ್ ಹಾಕುವ ಡಿಸೈನರ್ ಇದ್ದಾರೆ, ಹಣೆ ತುಂಬ ವಿಭೂತಿ, ದೇವರಂಥ ಮನುಷ್ಯ, ಕೈ ಬಹಳ ಚುರುಕು. ಸಿದ್ದಿಗಳ ಫೋಟೋ ಇದ್ದಾಗ ನಾನು ಅವರ ಪಕ್ಕದಲ್ಲೇ ಕೂತು ಕೆಲಸ ಮಾಡಿಸುತ್ತೇನೆ. ಅವತ್ತು ಮದುವೆ ಬಿಟ್ಟು ಹೋಗುವ ಹಾಗಿರಲಿಲ್ಲ. ಫೋಟೋ ಕಳಿಸಿ, ಫೋನ್ ಮಾಡಿದೆ: "ಮದುವೆ ಮನೇದು, ಅರ್ಜೆಂಟು. ಒಂದು ದೊಡ್ಡ ಪ್ರಿಂಟ್, ಫ್ರೇಮ್ ಹಾಕಿ. ನಾಳೆ ಬೆಳಿಗ್ಗೆ ಬೇಕು." ಅವರು "ಆಯ್ತು ಮೇಡಂ, ಸೂಪರ್ ಮಾಡಿಸ್ತೀನಿ" ಎಂದರು. ಮಾರನೆಯ ದಿನ ಬೆಳಿಗ್ಗೆ ಪಾರ್ಸಲ್ ನೇರ ಕೆಂಗೇರಿಗೇ ಬಂತು.

ಭವನದ ಮುಂದೆ ಟೆಂಪೊ ಟ್ರಾವೆಲರ್ ನಿಂತಿತ್ತು, ಮೇಲೆ ಗಂಟುಮೂಟೆ ಏರುತ್ತಿತ್ತು. ಎಲ್ಲರೂ ಸುತ್ತ ನೆರೆದರು. ಮದುಮಗಳು ಕಾಗದ ಬಿಚ್ಚಿದಳು. ಒಳಗೆ ಗೋಧಿ ಬಣ್ಣದ ಒಬ್ಬ ಮುದುಕಿ ಕೂತಿದ್ದಳು. ಸುಕ್ಕಿಲ್ಲ, ನೆರಳಿಲ್ಲ, ಹಿಟ್ಟು ಜರಡಿ ಹಿಡಿದಂಥ ಕೆನ್ನೆ. ಕೌದಿ ಮಾತ್ರ ಅಜ್ಜಿಯದು. ಈ ಸಲ ಯಾರೂ ನಗಲಿಲ್ಲ, ಅದೇ ನನಗೆ ಹೆಚ್ಚು ನೋವಾದದ್ದು. ಅಜ್ಜಿ ಒಮ್ಮೆ ನೋಡಿ ನನ್ನ ಕೈಗೆ ಕೊಟ್ಟರು. "ಯಾರ ಮನಿಯಾಕಿ ಪಾಪ, ನಮ್ಮವ್ವನ ಕೌದಿ ಹೊತ್ಕೊಂಡಾಳ. ಆಕಿ ಮನಿಗೆ ಕಳಿಸು ಇದನ್ನ."

ಪಿತ್ತ ನೆತ್ತಿಗೇರಿತು. ಅಲ್ಲೇ ನಿಂತು ಡಿಸೈನರ್‌ಗೆ ಫೋನ್ ಮಾಡಿದೆ. "ಏನ್ರೀ ಮಾಡಿದೀರಾ ಮಹಾರಾಯ್ರೇ?"

"ಯಾಕೆ ಮೇಡಂ, ಚೆನ್ನಾಗ್ ಬಂದಿಲ್ವಾ?"

"ಮುಖಕ್ಕೆ ಸುಣ್ಣ ಹೊಡೆದಿದೀರಲ್ರೀ. ನನ್ನ ಸಿದ್ದಿಗಳ ಫೋಟೋ ಮುಟ್ಟಬೇಡಿ ಅಂತ ಎಷ್ಟು ಸಲ ಹೇಳಿಲ್ಲ?"

"ನೀವು ಮದುವೆ ಮನೇದು ಅಂದ್ರಲ್ಲ ಮೇಡಂ" ಎಂದರು ಆ ಮನುಷ್ಯ, ನಿಜವಾಗಿಯೂ ಗಾಬರಿಯಾಗಿ. "ನಿಮ್ಮ ಪ್ರಾಜೆಕ್ಟ್ ಫೋಟೋ ಆದ್ರೆ ನಾನ್ಯಾಕೆ ಮುಟ್ತೀನಿ? ಮದುವೆ ಅಂದ್ಮೇಲೆ ಬ್ರೈಟ್ ಮಾಡ್ಲೇಬೇಕಲ್ವಾ. ಇಲ್ಲಾಂದ್ರೆ ಗಂಡಿನ ಕಡೆಯವರು ಆಲ್ಬಮ್ ವಾಪಸ್ ತಂದು ಬಡೀತಾರೆ. ನಾನು ಒಂದೊಂದು ಸುಕ್ಕೂ ಕೈಯಲ್ಲೇ ತೆಗೆದಿದೀನಿ ಮೇಡಂ, ರಾತ್ರಿಯೆಲ್ಲ ಕೂತು." ನನ್ನ ಕೋಪಕ್ಕೆ ಹೋಗಲು ಜಾಗವೇ ಸಿಗಲಿಲ್ಲ. ಪಾಪಿ, ಪ್ರೀತಿಯಿಂದ ಮಾಡಿದ್ದ.

ಮದುಮಗಳ ಕಣ್ಣು ತುಂಬಿತ್ತು. ನಾನು ಅಜ್ಜಿಗೆ ಹೇಳಿದೆ, ಫೋಟೋ ಸರಿಯಾಗೇ ಇದೆ, ಕಾಗದಕ್ಕೆ ತಪ್ಪಾಗಿ ಇಳಿದಿದೆ ಅಷ್ಟೇ, ಈಗ ಹೋಗಿ ಬೇರೆ ಹಾಕಿಸಿ ತರುತ್ತೇನೆ, ಹೊರಡುವುದನ್ನು ಸ್ವಲ್ಪ ತಡ ಮಾಡಿ. ಅಜ್ಜಿ ಟ್ರಾವೆಲರಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತಿದ್ದರು. ಕಾಲು ಕೆಳಗಿಳಿಸಿದರು. "ನೀ ಹ್ವಾದ್ರ ಮತ್ತ ಅವ ಯಾರನರ ಮಾಡಿ ಕಳಿಸ್ತಾನ. ನಾನೂ ಬರ್ತೀನಿ. ನನ್ನ ನೋಡಕೋತ ಮಾಡಲಿ." ಡ್ರೈವರ್ ಗಡಿಯಾರ ನೋಡಿಕೊಂಡ. "ಅಜ್ಜಿ, ಊಟ ಆದ ತಕ್ಷಣ ಬಿಡಬೇಕು ಗಾಡಿ, ಆಮೇಲೆ ತುಮಕೂರು ರೋಡ್ ಜಾಮ್ ಆಗತ್ತೆ" ಎಂದ. ಮದುಮಗಳು ಅವನಿಗೆ ಇನ್ನೊಂದು ಹೋಳಿಗೆ ಕೊಡಲು ಕರೆದುಕೊಂಡು ಹೋದಳು.

ಮೆಟ್ರೊದಲ್ಲಿ ಅಜ್ಜಿಗೆ ಸೀಟು ಸಿಕ್ಕಿತು, ಹಿಂದಿನ ಕಿಟಕಿಯ ಕಡೆಗೇ ತಿರುಗಿ ಕೂತರು. ಮೊದಲ ಸಲದ ಮೆಟ್ರೊ. ಕೆಳಗೆ ಓಡುವ ಮನೆಗಳ ತಾರಸಿ, ನೀರಿನ ಟ್ಯಾಂಕು, ಒಣಹಾಕಿದ ಬಟ್ಟೆ ನೋಡಿ, "ಎಲ್ಲಾರ ಮನಿ ಮ್ಯಾಲಿಂದ ಹೊಂಟೀವಲ್ಲ, ಬೈಯೂದಿಲ್ಲೇನು ಅವರು?" ಎಂದು ಕೇಳಿದರು. ಎದುರು ಕೂತ ಹೆಂಗಸೊಬ್ಬಳು ಪಕ್ಕದವಳಿಗೆ, ಅಜ್ಜಿಗೆ ತಿಳಿಯುವುದಿಲ್ಲ ಎಂಬ ಧೈರ್ಯದಲ್ಲಿ, "ಫಾರಿನ್‌ನವರು ಸೀರೆ ಎಷ್ಟು ಚೆನ್ನಾಗಿ ಉಟ್ಟಿದಾರೆ ನೋಡೇ" ಎಂದಳು. ಅಜ್ಜಿ ತಿರುಗಿ, "ನೀನೂ ಚೊಲೋ ಉಟ್ಟೀಯವಾ, ನೆರಿಗಿ ಒಂದೀಟು ಮ್ಯಾಲ ಹೋಗೇತಿ ನೋಡು" ಎಂದರು. ಆ ಹೆಂಗಸು ಮೆಜೆಸ್ಟಿಕ್ ಬರುವವರೆಗೂ ನೆರಿಗೆ ಸರಿಮಾಡಿಕೊಳ್ಳುತ್ತ, ನಗುತ್ತ, ಅಜ್ಜಿಯ ಊರು ಕೇರಿ ಎಲ್ಲ ವಿಚಾರಿಸಿದಳು. ನಾನು ಮಾತ್ರ ಟೈಮ್ ನೋಡಿಕೊಳ್ಳುತ್ತ ಕೂತಿದ್ದೆ.

ಲ್ಯಾಬಿನಲ್ಲಿ ಡಿಸೈನರ್ ಎದ್ದು ನಿಂತು ಕೈ ಮುಗಿದರು. ಕುರ್ಚಿ ಎಳೆದು ಅಜ್ಜಿಯನ್ನು ತಮ್ಮ ಪಕ್ಕ ಕೂರಿಸಿಕೊಂಡು ನಾನು ಕಳಿಸಿದ್ದ ಮೂಲ ಫೋಟೋ ತೆರೆದರು. ಒಮ್ಮೆ ಪರದೆ, ಒಮ್ಮೆ ಅಜ್ಜಿ. ಮತ್ತೆ ಪರದೆ. ಅಭ್ಯಾಸಬಲ, ಬೆರಳು ತಾನಾಗಿಯೇ ಹೋಗುತ್ತಿತ್ತು. "ಒಂಚೂರು ಮಾತ್ರ ಬ್ರೈಟ್ ಮಾಡ್ಲಾ ಅಜ್ಜಿ?"

"ಯಾಕ?"

"ಚೆನ್ನಾಗ್ ಕಾಣ್ಲಿ ಅಂತ."

"ಈಗ ಹೆಂಗ ಕಾಣಾಕತ್ತೀನಿ?"

ಡಿಸೈನರ್ ಅಜ್ಜಿಯ ಮುಖವನ್ನು ಈ ಸಲ ಪೂರ್ತಿ ನೋಡಿದರು. ಕಿವಿಯವರೆಗೆ ಕೆಂಪಾಗಿ, "ಚೆನ್ನಾಗೇ ಕಾಣ್ತಿದೀರಿ" ಎಂದರು.

"ಹಂಗಾರ ಸುಮ್ನ ಕುಂದ್ರು" ಎಂದರು ಅಜ್ಜಿ. ನಾನು ನಗು ತಡೆಯಲಾರದೆ ಹೊರಗೆ ಹೋಗಿ ಬಂದೆ.

ಪರದೆಯ ಬಣ್ಣ ಬೇರೆ, ಕಾಗದದ ಬಣ್ಣ ಬೇರೆ. ಮೊದಲು ಸಣ್ಣ ಪಟ್ಟಿಗಳನ್ನು ಪ್ರಿಂಟ್ ಹಾಕಿ ನೋಡಬೇಕು. ಮೊದಲ ಪಟ್ಟಿ ಬಂತು. ಅಜ್ಜಿ ಅದನ್ನು ತಮ್ಮ ಮುಂಗೈ ಪಕ್ಕ ಹಿಡಿದು ನೋಡಿ ತಲೆ ಅಲ್ಲಾಡಿಸಿದರು. "ಇದು ಬೂದಿ ಆತು. ನಂದು ಇನ್ನ ಕರಿ ಐತಿ." ಇನ್ನೊಂದು ಹಾಕಿದರು. "ಇನ್ನೂ ಕರಿ ಬೇಕು." ಡಿಸೈನರ್ ಮೌಸ್ ಬಿಟ್ಟು ಒಳಗಿನ ಕೋಣೆಯ ಕಡೆ ಕತ್ತು ಚಾಚಿದರು. "ಲೋ, ಬನ್ರೋ ಇಲ್ಲಿ. ಕಪ್ಪು ಸಾಲಲ್ಲ ಅಂತಿದಾರೆ ಗಿರಾಕಿ. ಕೇಳಿಸ್ಕೊಳ್ರೋ ಒಂದ್ ಸಲ, ಜನ್ಮದಲ್ಲಿ ಮತ್ತೆ ಸಿಗಲ್ಲ." ಲ್ಯಾಮಿನೇಷನ್ ಮಾಡುವವರು, ಆಲ್ಬಮ್ ಕಟ್ಟುವವರು ಎಲ್ಲ ಬಂದು ಅಜ್ಜಿಯ ಸುತ್ತ ನಿಂತರು. ಎಲ್ಲರಿಗೂ ಒಂದೊಂದು ಅಭಿಪ್ರಾಯ. ಕೆಂಪು ಜಾಸ್ತಿಯಾಯಿತು, ಇಲ್ಲ ನೀಲಿ ಬೇಕು, ಕತ್ತಿನ ಹತ್ತಿರ ನೋಡಿ. ಇಷ್ಟು ದಿನ ಬೆಳ್ಳಗೆ ಮಾಡುವುದೊಂದೇ ಗೊತ್ತಿದ್ದವರು ಕಪ್ಪಿನೊಳಗೆ ಎಷ್ಟು ಬಣ್ಣ ಇವೆ ಎಂದು ಜಗಳಕ್ಕೆ ಬಿದ್ದದ್ದನ್ನು ಅಪ್ಪ ನೋಡಬೇಕಿತ್ತು ಅನ್ನಿಸಿತು. ಕೊನೆಯ ಪಟ್ಟಿಯನ್ನು ಅಜ್ಜಿ ಕೈ ಮೇಲಿಟ್ಟಾಗ ಕಾಗದ ಎಲ್ಲಿ ಮುಗಿಯಿತು, ಕೈ ಎಲ್ಲಿ ಶುರುವಾಯಿತು ಎಂದು ತಿಳಿಯಲಿಲ್ಲ. "ಹೂಂ" ಎಂದರು ಅಜ್ಜಿ.

ಅಷ್ಟರಲ್ಲಿ ನನ್ನ ಫೋನ್ ಬಡಿದುಕೊಳ್ಳಲು ಶುರುವಾಗಿತ್ತು. ಮದುಮಗಳು. ಡ್ರೈವರ್‌ನನ್ನು ಇನ್ನು ಹೋಳಿಗೆಯಿಂದ ತಡೆಯಲಾಗುವುದಿಲ್ಲ, ಎಲ್ಲರೂ ಗಾಡಿಯಲ್ಲಿ ಕೂತಾಗಿದೆ. "ಬಂತು, ಈಗ ಬಂತು" ಎನ್ನುತ್ತ ನಾನು ಅಜ್ಜಿಗೊಂದು, ಮದುಮಗಳ ಗೋಡೆಗೊಂದು ಎಂದು ಎರಡು ಪ್ರತಿ ಹೇಳಿ ದೊಡ್ಡ ಪ್ರಿಂಟರಿನ ಮುಂದೆ ನಿಂತೆ. ಅಜ್ಜಿಯೂ ಬಂದು ನಿಂತರು.

ಆ ಪ್ರಿಂಟರ್ ಕಾಗದವನ್ನು ನಿಧಾನವಾಗಿ ಹೊರಗೆ ಬಿಡುತ್ತದೆ. ಮೊದಲು ಕಿಟಕಿಯ ಬೆಳಕು ಬಿದ್ದ ನೆರೆಗೂದಲು ಬಂತು. ಹಣೆ ಬಂತು, ಎಣ್ಣೆಯ ಹೊಳಪಿನ ಜೊತೆ. ಹುಬ್ಬು. ಕಣ್ಣು. ಒಂದೊಂದು ಸುಕ್ಕೂ ಅದರದರ ಜಾಗದಲ್ಲಿತ್ತು. ನಾನು ಬಣ್ಣ ನೋಡುತ್ತಿದ್ದೆ, ಸರಿಯಿತ್ತು, ಗೆದ್ದೆ ಎಂದುಕೊಂಡು ಅಜ್ಜಿಯ ಕಡೆ ತಿರುಗಿದೆ. ಅಜ್ಜಿ ತಮ್ಮ ಫೋಟೋ ನೋಡುವವರ ಹಾಗೆ ನೋಡುತ್ತಿರಲಿಲ್ಲ. ಕೆನ್ನೆ ಬಂತು, ಬಾಯಿ ಬಂತು, ಕೌದಿಯ ಮೂಲೆಯ ಹೂವು ಬಂತು. ಅಜ್ಜಿಯ ಕೈ ಮೆಲ್ಲಗೆ ಮೇಲೇರಿತು. ಮುಖ ಮುಚ್ಚಿಕೊಳ್ಳಲು ಅಲ್ಲ. ಸೆರಗನ್ನು ಎಳೆದು ತಲೆ ತುಂಬ ಹೊದ್ದುಕೊಂಡರು, ಹಿರಿಯರು ಮನೆಗೆ ಬಂದಾಗ ಮಾಡುವ ಹಾಗೆ.

"ನಮ್ಮವ್ವ" ಎಂದರು.

ಮೊದಲು ನನಗೆ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ತಾಯಿ ತೀರಿಕೊಂಡಾಗ ಇದ್ದ ವಯಸ್ಸಿಗೆ ಈಗ ಮಗಳು ಬಂದು ನಿಂತಿದ್ದರು. "ಇಕಿನ ನೋಡು. ಹಿಂಗ ಹಣಿ, ಹಿಂಗ ಬಾಯಿ ಬಿಗಿದು ಕುಂದರ್ತಿದ್ಳು. ಕನ್ನಡ್ಯಾಗ ಯಾವತ್ತೂ ಸಿಗಲಿಲ್ಲ ನಂಗ. ಅಲ್ಲಿ ನಾನ ಅಡ್ಡ ಬರ್ತಿದ್ದೆ." ಕಣ್ಣಿಂದ ನೀರು ಧಾರಾಕಾರ ಇಳಿಯುತ್ತಿತ್ತು, ಬಾಯಿ ತುಂಬ ನಗು. ಡಿಸೈನರ್ ಕಾಗದದ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹಾಗೇ ನಿಂತಿದ್ದರು. ನಾನೂ ಅತ್ತೆ, ನಾಚಿಕೆಯಿಲ್ಲದೆ. ಅಟ್ಟಕ್ಕೆ ಹೋದ ಪೌಡರ್ ಡಬ್ಬಿ, ಇಷ್ಟು ವರ್ಷದ ಅಲೆದಾಟ, ಎಲ್ಲ ಇಲ್ಲಿಗೆ ಬರಲಿಕ್ಕೇ ಎಂದು ಆ ಗಳಿಗೆಯಲ್ಲಿ ನನಗೆ ಖಂಡಿತವಾಗಿ ಅನ್ನಿಸಿತು.

ಫೋನ್ ಮತ್ತೆ ಬಡಿದುಕೊಂಡಿತು. ಅಜ್ಜಿ ನನ್ನ ಕೈಯಿಂದ ಫೋನ್ ತೆಗೆದುಕೊಂಡು, ಅದನ್ನು ಕಿವಿಗೆ ತಿರುಗಾಮುರುಗಾ ಹಿಡಿದು, ಸರಿಮಾಡಿಕೊಂಡು ಮೊಮ್ಮಗಳಿಗೆ ಹೇಳಿದರು:

"ಗಾಡಿ ಬಿಡಬ್ಯಾಡ್ರಿ, ಬರಾಕತ್ತೀನಿ. ಅವ್ವ ಅದಾಳ ನನ್ನ ಕೂಡ. ಆಕಿಗೆ ಕಿಡಕಿ ಕಡೆ ಒಂದು ಸೀಟ ಬಿಡ್ರಿ."